ಸೀಟಿ ಮೇಡಂ ಕಟ್ಟಿದ ಗಾಯನ ತಂಡ

ನಮ್ಮ ಆಟದ ಟೀಚರಿಗೆ ಹಾಡಲು ಬರುವುದಿಲ್ಲ. ಇದು ಚಾಡಿಯಲ್ಲ, ಅವರೇ ಎಲ್ಲರೆದುರು ಹೇಳಿಕೊಳ್ಳುವ ಮಾತು. ಕತ್ತಿನಲ್ಲಿ ಸದಾ ಕರಿದಾರದ ಸೀಟಿ ನೇತಾಡುವುದರಿಂದ ಮಕ್ಕಳಿಟ್ಟ ಹೆಸರು ಸೀಟಿ ಮೇಡಂ. ಅಂಥವರ ಕೈಗೆ ಶಾಲೆಯ ಗಾಯನ ತಂಡ ಬಂದದ್ದು ಹೇಗೆಂದರೆ, ಅವರು ಒಂದು ದಿನ ರಜೆ ಹಾಕಿದ್ದರು, ಅಷ್ಟೇ.

ನಮ್ಮದು ಚಿಕ್ಕ ಪ್ರೌಢಶಾಲೆ. ಇರುವ ಬೆರಳೆಣಿಕೆಯ ಶಿಕ್ಷಕರಲ್ಲಿ ಪ್ರತಿಯೊಬ್ಬರೂ ಒಂದೊಂದು ಸಂಘ ನಡೆಸಬೇಕೆಂದು ಮುಖ್ಯೋಪಾಧ್ಯಾಯಿನಿ ಸಭೆ ಕರೆದರು. ವಿಜ್ಞಾನದವರು ಕೈತೋಟ ಹಿಡಿದರು, ಚಿತ್ರಕಲೆಯವರು ಗೋಡೆ ಪತ್ರಿಕೆ. ಲೆಕ್ಕದ ಮೇಷ್ಟ್ರಾದ ನನಗೆ ಚದುರಂಗ. ಲೆಕ್ಕ ಬಂದವನಿಗೆ ಚದುರಂಗ ಬಂದೇ ಬರುತ್ತದೆಂಬುದು ಅವರ ನಂಬಿಕೆ. ನನಗೆ ಗೊತ್ತಿದ್ದದ್ದು ಕುದುರೆ ಹೇಗೆ ನೆಗೆಯುತ್ತದೆ ಎಂಬುದೊಂದೇ. ಯಾರಿಗೂ ಬೇಡದೆ ಉಳಿದದ್ದು ಹಾಡು. ಆ ದಿನ ಸೀಟಿ ಮೇಡಂ ಅತ್ತೆಯ ಕಣ್ಣಿನ ಆಪರೇಷನ್ ಎಂದು ಆಸ್ಪತ್ರೆಯಲ್ಲಿದ್ದರು. ಸಭೆಗೆ ಬಾರದವರ ತಲೆಗೆ ಉಳಿದದ್ದನ್ನು ಕಟ್ಟುವುದು ಎಲ್ಲ ಸ್ಟಾಫ್ ರೂಮುಗಳ ಧರ್ಮ.

ಮರುದಿನ ಅವರು ಗಾಬರಿಯಾಗಿ ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ ಕೇಳಿದರು: “ಮೇಡಂ, ನಾನು ಬಾಯಿ ತೆಗೆದ್ರೆ ಮನೇಲಿ ಬೆಕ್ಕೇ ಎದ್ದು ಹೋಗುತ್ತೆ. ನನಗೆ ಹಾಡಾ?”

“ಹಾಡೋದು ಮಕ್ಕಳು, ನೀವಲ್ಲ,” ಎಂದರು ಮುಖ್ಯೋಪಾಧ್ಯಾಯಿನಿ. ಮಾತು ಮುಗಿಯಿತು.

ತಂಡಕ್ಕೆ ಎಂಟನೇ ತರಗತಿ ಹೆಚ್ಚುಕಡಿಮೆ ಪೂರ್ತಿ ಸೇರಿತು. ಸಂಗೀತದ ಮೇಲಿನ ಪ್ರೀತಿಯಿಂದಲ್ಲ, ಆಟದ ಟೀಚರ್ ಇದ್ದರೆ ಮೈದಾನಕ್ಕೆ ಬಿಡುತ್ತಾರೆಂಬ ಆಸೆಯಿಂದ. ಬಿಟ್ಟರು ಕೂಡ. ಮೊದಲು ಮೈದಾನಕ್ಕೆ ಎರಡು ಸುತ್ತು ಓಟ, ಉಸಿರು ಬಲಿಯಲಿ ಅಂತ. ಆಮೇಲೆ ಮಹಡಿಯ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ, ನಾದಿನಿಯಿಂದ ಹಾಡಿಸಿಕೊಂಡು ಬಂದದ್ದನ್ನು ಮೊಬೈಲಿನಲ್ಲಿ ಕೇಳಿಸುತ್ತಿದ್ದರು. ಒಂದು ಸೀಟಿ ಊದಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಅರ್ಧ ಅಕ್ಷರವಾದರೂ ಸರಿ. ಎರಡು ಊದಿದರೆ ಆ ಅರ್ಧ ಅಕ್ಷರದಿಂದಲೇ ಮತ್ತೆ ಶುರು. ಕವಾಯತು ಕಲಿಸುವವರಿಗೆ ಬೇರೆ ದಾರಿ ಎಲ್ಲಿಂದ ಹೊಳೆಯಬೇಕು! ಮೊದಮೊದಲು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವಂತಿತ್ತು. ಪಕ್ಕದ ಕೋಣೆಯಲ್ಲಿ ನಾಲ್ಕು ಮಕ್ಕಳೊಂದಿಗೆ ಚದುರಂಗದ ಮುಂದೆ ಕೂತ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಯಾವಾಗಲೋ ಕೈ ತೆಗೆದಿದ್ದೆ.

ಬದಲಾದದ್ದು ಮಕ್ಕಳು ಮಾತ್ರವಲ್ಲ. ಸೀಟಿ ಮೇಡಂ ಯಜಮಾನರು ದರ್ಜಿ. ನನ್ನ ಪ್ಯಾಂಟಿನ ಸೊಂಟ ಮತ್ತೊಮ್ಮೆ ಬಿಚ್ಚುತ್ತಾ ಒಮ್ಮೆ ಹೇಳಿದರು: “ಮೇಷ್ಟ್ರೇ, ಮದುವೆಯಾಗಿ ಇಷ್ಟು ವರ್ಷ ಆಯ್ತು, ಈಗ ಪಾತ್ರೆ ತೊಳೀತಾ ಗುನುಗ್ತಾಳೆ. ಕೆಟ್ಟದಾಗೇ ಗುನುಗ್ತಾಳೆ, ಆದ್ರೂ ನಾನು ಮಷೀನು ನಿಲ್ಲಿಸಿ ಕೇಳ್ತೀನಿ.”

ಹಾಡು ಯಾಕೆ ಇಷ್ಟು ಹಿಡಿಸಿತೆಂದು ಸ್ಟಾಫ್ ರೂಮಿನಲ್ಲಿ ಮೇಡಂ ಅವರನ್ನು ನಾನೇ ಕೆಣಕಿದೆ. ಅವರು ನಗಲಿಲ್ಲ. “ಆಟದಲ್ಲಿ ದಿನಾ ಅರ್ಧ ಮಕ್ಕಳು ಸೋತು ಮನೆಗೆ ಹೋಗ್ತಾರೆ, ಮೇಷ್ಟ್ರೇ. ಜೀವಮಾನ ಪೂರ್ತಿ ಅದನ್ನೇ ನೋಡಿದೀನಿ. ಇಲ್ಲಿ ಎಲ್ಲರೂ ಒಂದೇ ಕಡೆ.”

ಮಾತು ಚೆನ್ನಾಗಿಯೇ ಇತ್ತು, ಆದರೆ ಒಂಬತ್ತನೇ ತರಗತಿಗೆ ಬಂದಿದ್ದ ಆ ಮಕ್ಕಳ ಲೆಕ್ಕ ಚೆನ್ನಾಗಿರಲಿಲ್ಲ. ಗಾಯನ ತಂಡಕ್ಕೆಂದು ಬಿಟ್ಟಿದ್ದ ಗುರುವಾರದ ಕೊನೆಯ ಪಿರಿಯಡ್ ನನಗೆ ಕೊಡಿ ಎಂದು ಕೇಳಿದೆ. ಮುಖ್ಯೋಪಾಧ್ಯಾಯಿನಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ತೀರ್ಪು ಕೊಟ್ಟರು: ಹೋದ ವರ್ಷ ಅಂತರಶಾಲಾ ಸ್ಪರ್ಧೆಯಿಂದ ತಂಡ ಬರಿಗೈಯಲ್ಲಿ ಬಂದಿದೆ. ಈ ಸಲ ಒಂದು ಬಹುಮಾನವಾದರೂ ಬಂದರೆ ತಂಡ ಉಳಿಯುತ್ತದೆ, ಇಲ್ಲವಾದರೆ ಪಿರಿಯಡ್ ಗಣಿತಕ್ಕೆ. ಜೊತೆಗೆ ಹೋಗಲು ಒಬ್ಬ ಶಿಕ್ಷಕ ಬೇಕಿತ್ತು, ನನ್ನನ್ನೇ ಕಳಿಸಿದರು.

ಸ್ಪರ್ಧೆ ನಡೆದದ್ದು ದೊಡ್ಡ ಶಾಲೆಯೊಂದರ ಸಭಾಂಗಣದಲ್ಲಿ. ನಮ್ಮ ಮಕ್ಕಳು ಹಾಡಿದ ಹಾಡು ನಮ್ಮ ಭಾಷಾ ಮೇಷ್ಟ್ರು ಬರೆದದ್ದು. ಅದರಲ್ಲಿ ಬೆಳಕು ಹೇರಳವಾಗಿತ್ತು, ಅರ್ಥ ಸ್ವಲ್ಪ ಕಡಿಮೆ. ಆದರೆ ಹಾಡಿದರು ನೋಡಿ! ಮೊದಲ ಚರಣ ಮುಗಿಯುವಾಗ ತೀರ್ಪುಗಾರರು ಪೆನ್ನು ಕೆಳಗಿಟ್ಟಿದ್ದರು. ನನ್ನ ಪಿರಿಯಡ್ ಕೈತಪ್ಪಿತೆಂದು ನನಗೆ ಖಾತ್ರಿಯಾಯಿತು, ಮತ್ತು ಅದರಿಂದ ಬೇಸರವೇನೂ ಆಗಲಿಲ್ಲ.

ಆಗ ಕಿಟಕಿಯಾಚೆಯ ಮೈದಾನದಲ್ಲಿ, ಫುಟ್‌ಬಾಲ್ ಪಂದ್ಯ ಆಡಿಸುತ್ತಿದ್ದ ಯಾರೋ ಸೀಟಿ ಊದಿದರು.

ನಮ್ಮ ಶಾಲೆಯಲ್ಲಿ ಇರುವ ಸೀಟಿ ಒಂದೇ, ಅದು ಸೀಟಿ ಮೇಡಂ ಕತ್ತಿನಲ್ಲಿ. ಬೇರೆ ಸೀಟಿಯೂ ಲೋಕದಲ್ಲಿ ಇರಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮಕ್ಕಳು “ಬೆಳ” ಎಂದವರು ಹಾಗೇ ನಿಂತರು. ಮೂವತ್ತು ಬಾಯಿ ತೆರೆದಿವೆ, ಒಂದೂ ಪಿಟ್ಟೆನ್ನುತ್ತಿಲ್ಲ. ಸಭಾಂಗಣ ಬಿದ್ದು ಬಿದ್ದು ನಗತೊಡಗಿತು. ಮುಂದಿನ ಸಾಲಿನ ಹುಡುಗಿಯೊಬ್ಬಳ ಗಲ್ಲ ನಡುಗುತ್ತಿತ್ತು, ಆದರೂ ಅವಳು ಬಾಯಿ ಮುಚ್ಚಲಿಲ್ಲ. ಆ ನಗುವವರನ್ನೆಲ್ಲ ಹಿಡಿದು ಬೆಂಚಿನ ಮೇಲೆ ನಿಲ್ಲಿಸಬೇಕೆನ್ನಿಸಿತು ನನಗೆ.

ಸೀಟಿ ಮೇಡಂ ಬಿಳುಚಿಕೊಂಡಿದ್ದರು. ಅಷ್ಟು ಜನರ ಎದುರು, ಸಂಗೀತ ಬಲ್ಲವರ ಎದುರು, ಅವರು ಕತ್ತಿಗೆ ಕೈಹಾಕಿ ಎರಡು ಸಲ ಊದಿದರು.

“ಕೇ” ಎಂದು ಎದ್ದಿತು ತಂಡ. ಅದೇ ಸ್ವರ, ಅದೇ ಉಸಿರು, ನಡುವೆ ಏನೂ ಆಗಿಲ್ಲವೆಂಬಂತೆ. ಕೊನೆಯವರೆಗೂ ಹಾಡಿದರು. ಮತ್ತೆ ಯಾರೂ ನಗಲಿಲ್ಲ.

ಬಹುಮಾನ ಬರಲಿಲ್ಲ. ಹಾಡು ನಡುವೆ ನಿಂತರೆ ಅಂಕ ಕಳೆಯುವುದು ನಿಯಮ. ವ್ಯಾನಿನಲ್ಲಿ ಬರುವಾಗ ಮಕ್ಕಳು ತಪ್ಪು ನಮ್ಮದೇ ಎಂದು ಅಳುತ್ತಿದ್ದರೆ, ಮೇಡಂ “ನೀವು ನಿಂತಿದ್ದು ಸರಿ ಕಣ್ರೋ, ನಾನು ಹೇಳಿಕೊಟ್ಟಿದ್ದೇ ಹಾಗೆ,” ಎನ್ನುತ್ತಿದ್ದರು. ಮುಖ್ಯೋಪಾಧ್ಯಾಯಿನಿಗೆ ನಾನು ನಡೆದದ್ದನ್ನೆಲ್ಲ ಹೇಳಿದೆ. “ಪಾಪ,” ಎಂದರು. ಆದರೂ ಕೊಟ್ಟ ತೀರ್ಪು ತೀರ್ಪೇ, ಪಿರಿಯಡ್ ನನಗೆ ಬಂತು.

ಮೊದಲ ಗುರುವಾರ ಸೀಮೆಸುಣ್ಣ ಹಿಡಿದು ಮಹಡಿ ಹತ್ತಿದರೆ ಬಾಗಿಲಲ್ಲಿ ಸೀಟಿ ಮೇಡಂ ನಿಂತಿದ್ದರು. ಜಗಳಕ್ಕೆ ಬಂದಿದ್ದಾರೆಂದುಕೊಂಡೆ. ಅವರು ದನಿ ತಗ್ಗಿಸಿ ಹೇಳತೊಡಗಿದರು:

“ಮೇಷ್ಟ್ರೇ, ಈ ಹೊತ್ತಲ್ಲಿ ಇವು ಸುಮ್ನೆ ಕೂರಲ್ಲ, ಮೊದಲು ಒಂದು ಸುತ್ತು ಓಡಿಸಿ. ಕಿಟಕಿ ಪಕ್ಕದ ಹುಡುಗಿಗೆ ಬೈಬೇಡಿ, ಬೈದ್ರೆ ವಾರ ಪೂರ್ತಿ ಬಾಯಿ ಬಿಡಲ್ಲ. ಅವಳಿಗಳನ್ನ ಬೇರೆ ಬೇರೆ ಕೂರಿಸ್ಬೇಡಿ. ದಪ್ಪ ಹುಡುಗ ಆಕಳಿಸಿದ್ರೆ ಸೋಮಾರಿತನ ಅಂದ್ಕೋಬೇಡಿ, ಮಧ್ಯಾಹ್ನ ಊಟ ಮಾಡಿರಲ್ಲ. ಆ ಉದ್ದ ಹುಡುಗನಿಗೆ ಧ್ವನಿ ಒಡೀತಿದೆ. ಉತ್ತರ ಹೇಳೋವಾಗ ಕೀಚಲು ಬಂದ್ರೆ ಯಾರೂ ನಗದ ಹಾಗೆ...”

ಮಗಳನ್ನು ಗಂಡನ ಮನೆಗೆ ಬಿಟ್ಟು ಹೋಗುವ ತಾಯಿಯಂತೆ ನಿಂತಿದ್ದರು.

“ಮೇಡಂ, ಇಷ್ಟೆಲ್ಲ ನನಗೆ ನೆನಪಿರಲ್ಲ,” ಎಂದೆ. “ನೀವೇ ಒಳಗೆ ಬಂದ್ಬಿಡಿ.”

“ಲೆಕ್ಕ?”

“ವಾರವೆಲ್ಲ ಹೇಳಿದ್ರೂ ತಲೆಗೆ ಹತ್ತದ್ದು ಈ ಒಂದು ಪಿರಿಯಡ್‌ನಲ್ಲಿ ಹತ್ತುತ್ತಾ? ಬನ್ನಿ, ಬನ್ನಿ.”

ವೇಳಾಪಟ್ಟಿಯಲ್ಲಿ ಗುರುವಾರದ ಕೊನೆಯ ಪಿರಿಯಡ್ ಈಗಲೂ ಗಣಿತವೇ. ಮುಖ್ಯೋಪಾಧ್ಯಾಯಿನಿಯ ಕೋಣೆ ಇರುವುದು ಸರಿಯಾಗಿ ನಮ್ಮ ಕೆಳಗೆ, ಮತ್ತು ಅವರ ಕಿವಿ ಬಲು ಚುರುಕು. ಯಾವಾಗ ಕರೆಸುತ್ತಾರೋ ಎಂದು ತಿಂಗಳುಗಟ್ಟಲೆ ಕಾದೆ. ಮೊನ್ನೆ ಮೆಟ್ಟಿಲ ಮೇಲೆ ಎದುರಾದರು. ನಾನು ಗೋಡೆಗೆ ಸರಿದು ನಿಂತೆ. ಅವರು ಎರಡು ಮೆಟ್ಟಿಲು ಇಳಿದು, ತಿರುಗಿ ಕೇಳಿದರು:

“ಆ ಉದ್ದ ಹುಡುಗನ ಧ್ವನಿ ಈಗ ಸರಿಹೋದಂಗಿದೆ, ಅಲ್ವಾ?”