ಕರೆಂಟ್ ಹೋದ ಹೊತ್ತಿನ ಚಿಗವ್ವ

ಆಕೆಯ ಹುಬ್ಬುಗಳ ಮೇಲೆ ಸದಾ ಹತ್ತಿಯ ನವಿರು ಕೂತಿರುತ್ತಿತ್ತು. ಮುಂಜಾನೆ ಮುಖ ತೊಳೆದು ವಿಭೂತಿ ಹಚ್ಚಿಕೊಂಡು ಮಗ್ಗದ ಮುಂದೆ ನಿಂತರೆ, ಹೊತ್ತು ಏರುವಷ್ಟರಲ್ಲಿ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಸಣ್ಣ ಕೂದಲು ಎಲ್ಲ ಬೆಳ್ಳಗಾಗುತ್ತಿದ್ದವು. ಹೀಗೆ ದಿನವೂ ಮಧ್ಯಾಹ್ನಕ್ಕೆ ಮುದುಕಿಯಾಗಿ, ಸಂಜೆ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹರೆಯದವಳಾಗುತ್ತಿದ್ದಳು. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವಾಗ ಎಳೆ ಹಾದು ಹಾದು ಬಲಗೈಯ ತೋರುಬೆರಳಿನ ಮೇಲೆ ಒಂದು ಗೆರೆ ಬಿದ್ದಿತ್ತು. ಬದನೆಕಾಯಿ ಸುಟ್ಟು ಸಿಪ್ಪೆ ಸುಲಿದ ದಿನ ಆ ಗೆರೆಯಲ್ಲಿ ಕರಿ ಕೂತು, ಯಾರೋ ಪೆನ್ನಿನಿಂದ ಎಳೆದ ಹಾಗೆ ಕಾಣುತ್ತಿತ್ತು.

ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದು ಗಾಡಿ ಹಾಯುವಷ್ಟು ಓಣಿ. ಬನಹಟ್ಟಿಯ ಉಳಿದ ನೇಕಾರರ ಓಣಿಗಳ ಹಾಗೆ ಇಲ್ಲೂ ಪಡಸಾಲೆಯಲ್ಲಿ ಎರಡೋ ನಾಲ್ಕೋ ಪವರ್‌ಲೂಮ್ ಮಗ್ಗ, ಅವುಗಳ ಹಿಂದೆ ಇದ್ದಷ್ಟು ಜಾಗದಲ್ಲಿ ಒಲೆ, ದೇವರು, ಸಂಸಾರ. ಸಂಬಂಧದಲ್ಲಿ ಆಕೆ ನನಗೆ ಏನೂ ಆಗಬೇಕಿರಲಿಲ್ಲ. ಓಣಿಯ ಮಂದಿ ಚಿಗವ್ವ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅಂದೆ.

ನಾನು ರನ್ನ ಬೆಳಗಲಿಯ ತೋಟದ ಮನೆಯಿಂದ ಬಂದವಳು. ನನ್ನ ಪಾಲಿಗೆ ಶಹರ ಅಂದರೆ ಇದೇ. ನಮ್ಮಲ್ಲಿ ದೊಡ್ಡ ಸಪ್ಪಳವೆಂದರೆ ಕಬ್ಬಿನ ಟ್ರ್ಯಾಕ್ಟರಿನದು, ಅದೂ ಬಂದು ಹೋಗುವಂಥದ್ದು. ಇಲ್ಲಿಯ ಸಪ್ಪಳ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಇರುತ್ತದೆ. ನೆಲದಿಂದ ಏರಿ ಮೊಳಕಾಲು ನಡುಗಿಸುತ್ತದೆ. ಕೊಡದಲ್ಲಿಯ ನೀರಿನ ಮೇಲೆ ಬಳೆಬಳೆಯಾಗಿ ತೆರೆ ಏಳುತ್ತದೆ. ಮದುವೆಯಾಗಿ ಬಂದ ಮರುದಿನ ಬಾಗಿಲಿಗೆ ನೀರು ಹಾಕುತ್ತಿದ್ದೆ. ಎದುರು ಮನೆಯಿಂದ ಬಿಳಿ ಹುಬ್ಬಿನ ಹೆಂಗಸೊಬ್ಬಳು ಹೊರಬಂದು, ಸೊಂಟದ ಮೇಲೆ ಕೈಯಿಟ್ಟು, ಓಣಿ ಬಿರಿಯುವ ಹಾಗೆ ಕೂಗಿದಳು.

“ಏ ಹೊಸಾಕಿ! ಚಾ ಕುಡದಿ ಇಲ್ಲ?”

ನಾನು ಚರಿಗೆ ಅಲ್ಲೇ ಬಿಟ್ಟು ಒಳಗೆ ಓಡಿದೆ. ಬಂದ ಮರುದಿನವೇ ಎದುರು ಮನೆಯವರು ಜಗಳಕ್ಕೆ ನಿಂತರು ಎಂದು ಅತ್ತೆಯ ಮುಂದೆ ಕಣ್ಣೀರು ಹಾಕಿದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಆಕಿ ಜಗಳಾ ತಗದ್ರ ನಿನಗ ಕೇಳಸೂದ ಇಲ್ಲ ಹುಚ್ಚಿ. ಸಿಟ್ಟ ಬಂದ್ರ ಆಕಿ ಸಣ್ಣಗ ಮಾತಾಡ್ತಾಳ.”

ಮಗ್ಗದ ಓಣಿಯಲ್ಲಿ ಮಾತಿಗೆ ಎರಡೇ ದಾರಿ. ಕೂಗಬೇಕು, ಇಲ್ಲವೇ ಎದುರಿನವರ ತುಟಿ ನೋಡಿ ತಿಳಿಯಬೇಕು. ಮಗ್ಗದ ಆ ಬದಿಗೆ ಗಂಡ, ಈ ಬದಿಗೆ ಹೆಂಡತಿ. ದನಿ ಇಲ್ಲದೆ ತುಟಿ ಅಲ್ಲಾಡಿಸಿದರೆ ಸಾಕು, ಎಳೆ ಹರಿದದ್ದು, ಬೀಗರು ಬಂದದ್ದು, ಪಲ್ಯಕ್ಕೆ ಉಪ್ಪು ಮರೆತದ್ದು ಎಲ್ಲ ದಾಟುತ್ತದೆ. ನನಗೆ ಅದನ್ನು ಕಲಿಸಿದವಳು ಚಿಗವ್ವ. “ಕಿವಿ ಒಳಗಿಟ್ಟ ಬಾ, ಕಣ್ಣೀಲೆ ಕೇಳ,” ಅನ್ನುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ ಓಣಿಯ ಆ ತುದಿಯವರು ಈ ತುದಿಯವರನ್ನು ಬಯ್ಯುವುದೂ ನನಗೆ ತಿಳಿಯತೊಡಗಿತು.

ಆಗೆಲ್ಲ ಕರೆಂಟ್ ಹೊತ್ತು ಗೊತ್ತಿಲ್ಲದೆ ಹೋಗುತ್ತಿತ್ತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ಬೀಳುವ ಆ ಸುಮ್ಮನೆತನವನ್ನು ಹೇಗೆ ಹೇಳಲಿ? ಕಿವಿಯೊಳಗೆ ಯಾರೋ ತಣ್ಣೀರು ಸುರಿದ ಹಾಗೆ. ಮೊದಲು ಏಳುತ್ತಿದ್ದವು ಕೂಸುಗಳು. ಮಗ್ಗದ ಸಪ್ಪಳದಲ್ಲೇ ಹುಟ್ಟಿ ಅದರಲ್ಲೇ ನಿದ್ದೆ ಮಾಡುವ ಕೂಸುಗಳಿಗೆ ಸಪ್ಪಳ ನಿಂತರೆ ಅಂಜಿಕೆ. ಓಣಿಯ ತೊಟ್ಟಿಲುಗಳೆಲ್ಲ ಕೂಡಿಯೇ ಚೀರುತ್ತಿದ್ದವು. ದೊಡ್ಡವರು ಮುಖ ಇಳಿಬಿಟ್ಟು ಹೊರಗೆ ಬರುತ್ತಿದ್ದರು. ಮಗ್ಗ ನಿಂತಷ್ಟು ಹೊತ್ತು ಕೂಲಿಯೂ ನಿಂತ ಹಾಗೆಯೇ.

ಆಗ ಎದುರು ಮನೆಯ ಬಾಗಿಲಲ್ಲಿ ಒಂದು ಮೊರ ಕಾಣಿಸುತ್ತಿತ್ತು, ಅದರ ಹಿಂದೆ ಚಿಗವ್ವ. ಮೊರದ ತುಂಬ ಚುರುಮುರಿ, ಹುರಿದ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ, ಗುರೆಳ್ಳಿನ ಪುಡಿ. “ಮಗ್ಗಾ ನಿಂತ್ರ ಹೊಟ್ಟಿ ನಿಂದರತೈತೇನ? ಬರ್ರಿ, ಬರ್ರಿ!” ಕಟ್ಟೆಯ ಮೇಲೆ ಮೊರ ಇಟ್ಟು ತನ್ನ ಕಾಯಿದೆ ಹೇಳುತ್ತಿದ್ದಳು: “ಮೊದಲ್ನೇ ಮುಟಿಗಿ ಮುಗಿಯೂತನಕ ಯಾರೂ ಅಳಂಗಿಲ್ಲ. ಆಮ್ಯಾಲೆ ಅಳ್ರಿ, ನಾನೂ ಕೂಡ್ತೇನಿ.”

ಮೊದಲ ಮುಟಿಗೆ ಮುಗಿಯುವಷ್ಟರಲ್ಲಿ ಅಳುವುದು ಬಹುತೇಕ ಮರೆತೇ ಹೋಗುತ್ತಿತ್ತು. ಯಾಕೆಂದರೆ ಆಕೆ ಒಗಟು ಒಡ್ಡುತ್ತಿದ್ದಳು. “ಹೊತ್ತ ಮುಣಗೂತನಕ ಓಡತೈತಿ, ಒಂದ ಊರನೂ ಮುಟ್ಟೂದಿಲ್ಲ. ಏನದು?” ಲಾಳಿ ಎನ್ನುವುದು ಎಲ್ಲರಿಗೂ ಗೊತ್ತು. ಆದರೂ ಯಾವಳೋ “ನನ್ನ ಗಂಡ!” ಅನ್ನುವಳು, ಅಲ್ಲೇ ಕೂತ ಗಂಡ ಚುರುಮುರಿ ಉಗುಳಿ ನಗುವನು. ದಿನಕ್ಕೆ ಎರಡು ಸಲ ಕರೆಂಟ್ ಹೋದರೆ ಓಣಿಯಲ್ಲಿ ಎರಡು ಸಲ ಹಬ್ಬ.

ಆಕೆಗೆ ಸುಖವಿತ್ತು ಎಂದು ತಿಳಿಯಬಾರದು. ಗಂಡನಿಗೆ ದಮ್ಮು. ಪಡಸಾಲೆಯ ಮೂಲೆಯ ಹೊರಸಿನ ಮೇಲೆ ಕೂತೇ ಇರುತ್ತಿದ್ದ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಎರಡೂ ಮಗ್ಗ ಆಕೆಯೇ ನೋಡಬೇಕು, ನಡುವೆ ಅವನ ಬೆನ್ನನ್ನೂ ತಿಕ್ಕಬೇಕು. ಒಂದು ಚಳಿಗಾಲ ಅವನು ಹೋದ. ದಿನಕರ್ಮ ಮುಗಿದ ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ಎಲ್ಲರೂ ಹೊರಗೆ ಬಂದೆವು, ಆಕೆಯ ಬಾಗಿಲ ಕಡೆ ಯಾರೂ ನೋಡಲಿಲ್ಲ. ನೋಡದಿದ್ದರೂ ಮೊರ ಬಂತು. ಆಕೆಯ ಕಣ್ಣುಗಳು ಬಾತುಕೊಂಡಿದ್ದವು. ಕಟ್ಟೆಯ ಮೇಲೆ ಕೂತು, ಎಲ್ಲರಿಗಿಂತ ಮೊದಲು ತಾನೇ ಒಂದು ಮುಟಿಗೆ ತೆಗೆದುಕೊಂಡು, ಕಡೆಯ ಕಾಳಿನವರೆಗೂ ಅಗಿದು ನುಂಗಿದಳು.

“ನಂದ ಮುಗೀತು ನೋಡ್ರಿ,” ಅಂದಳು. ಆಮೇಲೆ ಬಾಯಿಬಿಟ್ಟು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ನಮ್ಮನ್ನೇ ಬಯ್ದಳು. “ಬಾಯಿ ತಕ್ಕೊಂಡ ನೋಡಾಕತ್ತೀರಲ್ಲ! ಇಷ್ಟ ಕಲಸೇನಿ, ಯಾರ ತಿನ್ನಬೇಕ?”

ಆ ದಿನ ನಾನು ಆಕೆಯನ್ನು ನೋಡಿದ ರೀತಿಯಲ್ಲಿ ಬೆಟ್ಟವನ್ನು ನೋಡಿಲ್ಲ, ಹೊಳೆಯನ್ನೂ ನೋಡಿಲ್ಲ.

ವರ್ಷಗಳು ಹೋದವು. ಈಗ ಕರೆಂಟ್ ಸುಧಾರಿಸಿದೆ. ಹೋಗುವುದೇ ಕಡಿಮೆ, ಹೋದರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತದೆ. ಸೀರೆಯ ವ್ಯಾಪಾರ ಇಳಿದು ಕೆಲವರು ಮಗ್ಗ ಗುಜರಿಗೆ ಹಾಕಿದರು. ಉಳಿದವರು ಹೊಟ್ಟೆಗಾಗಿ ಒಂದಿಷ್ಟೂ ನಿಲ್ಲಿಸದೆ ಓಡಿಸತೊಡಗಿದರು. ಕಟ್ಟೆಗೆ ಬೈಕುಗಳು ಒರಗಿ ನಿಂತವು. ಚಿಗವ್ವನ ಮೊರ ಗೂಟಕ್ಕೆ ಏರಿತು. ಕರೆಂಟ್ ಇರಲಿ ಎಂದು ಬೇಡಿಕೊಂಡವರು ನಾವೇ, ಹಾಗಾಗಿ ದೂರಲು ಯಾರೂ ಇರಲಿಲ್ಲ.

ಅದೇ ಹೊತ್ತಿಗೆ ಲೋಕಾಪುರಕ್ಕೆ ಕೊಟ್ಟ ಆಕೆಯ ಮಗಳು ನನಗೆ ಫೋನ್ ಮಾಡಿದಳು. “ಅವ್ವಗ ಫೋನಿನ್ಯಾಗ ಏನೂ ಕೇಳಸವಲ್ದು ವೈನಿ. ಏನ ಕೇಳಿದ್ರೂ ಊಟಾ ಆತು ಅಂತಾಳ. ಒಮ್ಮೆ ಜಮಖಂಡಿಗೆ ತೋರಿಸ್ರೆಲ್ಲ.” ನನಗೆ ಆಶ್ಚರ್ಯವಾಯಿತು. ಎದುರಿಗಿದ್ದೂ ನನಗೆ ಗೊತ್ತಾಗಿರಲಿಲ್ಲ. ಹೇಗೆ ಗೊತ್ತಾಗಬೇಕು? ನಮ್ಮ ಓಣಿಯಲ್ಲಿ ಯಾರೂ ಕಿವಿಯಿಂದ ಕೇಳುವುದೇ ಇಲ್ಲ.

ಜಮಖಂಡಿಯ ಡಾಕ್ಟರು ಮೆತ್ತಗಿನ ಮನುಷ್ಯ. ಕಾಗದದ ಕಡೆ ನೋಡುತ್ತ, “ಯಾವಾಗಿಂದ ಕೇಳಸವಲ್ದವ್ವ?” ಅಂದರು. ತಲೆ ತಗ್ಗಿಸಿದ್ದರಿಂದ ತುಟಿ ಕಾಣಲಿಲ್ಲ. ನಾನು ಮಾತನ್ನು ಆಕೆಗೆ ದಾಟಿಸಿದೆ.

“ಕೇಳಸವಲ್ದು ಅಂತ ಯಾರ ಅಂದ್ರ?” ಎಂದು ಚಿಗವ್ವ ಗುಡುಗಿದಳು. “ನೀವ ಗುಣುಗುಣು ಮಾಡಾಕತ್ತೀರಿ!”

ಹೊರಗೆ ಕೂತವರಲ್ಲಿ ಒಬ್ಬ ಬಾಗಿಲು ಸರಿಸಿ ಇಣುಕಿದ. “ಒಳಗ ಏನರ ಬಡದಾಟ ನಡದೈತೇನ್ರಿ?”

ಡಾಕ್ಟರು ನಕ್ಕರು. ಕಿವಿ ನೋಡಿ, ಗಂಟೆ ಬಾರಿಸಿ, ಯಂತ್ರ ಹಚ್ಚಿ ಪರೀಕ್ಷೆ ಮಾಡಿದ ಮೇಲೆ ನಗು ಬಿಟ್ಟು, ಈ ಸಲ ಮುಖ ಎತ್ತಿ ನಿಧಾನ ಹೇಳಿದರು. “ಹ್ವಾದದ್ದ ತಿರುಗಿ ಬರೂದಿಲ್ಲವ್ವ. ಸ್ವಲ್ಪ ಉಳದೈತಿ. ಮಗ್ಗಾ ಬಿಟ್ರ ಇನ್ನಷ್ಟ ದಿನ ಇದ್ದೀತು. ಬಿಡಾಕ ಆಗಲಿಲ್ಲಂದ್ರ ಕಿವ್ಯಾಗ ಹತ್ತಿ ಅರಳಿಯರ ಇಟ್ಕೊ.”

“ಅರಳೀನ? ನನ್ನ ಕಿವ್ಯಾಗ ಅದು ತಾನ ಬಂದ ಕುಂದರತೈತ್ರಿ, ಕರಿಯೂದ ಬ್ಯಾಡ,” ಎಂದು ಆಕೆ ನಕ್ಕಳು.

ಬಸ್ಸಿನಲ್ಲಿ ಮಾತ್ರ ನನಗೆ ಬೆನ್ನು ಕೊಟ್ಟು ಹೊರಗೆ ನೋಡುತ್ತ ಕೂತಳು. ಕಿಟಕಿಯ ಆಚೆ ಕಬ್ಬಿನ ಹೊಲಗಳು ಸರಿಯುತ್ತಿದ್ದವು. ಕಡೆಗೆ ಸಣ್ಣ ದನಿಯಲ್ಲಿ ಏನೋ ಅಂದಳು. ಅತ್ತೆಯ ಮಾತು ನೆನಪಾಗಿ, ಯಾರ ಮೇಲೆ ಸಿಟ್ಟು ಬಂತೋ ಎಂದು ಅಂಜಿ ಆಕೆಯ ಮುಖ ನೋಡಿದೆ.

“ನಿನ್ನ ಮಗಳ ದನಿ ಹೆಂಗೈತಿ?” ಎಂದು ಕೇಳುತ್ತಿದ್ದಳು.

“ಹಂಗಂದ್ರ? ದಿನಾ ಮಾತಾಡ್ತೀಯಲ್ಲ ಬೇ.”

“ಬಾಯಿ ನೋಡೇನಿ. ದನಿ ಕೇಳಿಲ್ಲ. ಕರೆಂಟ್ ಹೋಗೂದ ನಿಂತಮ್ಯಾಲೆ ಬೆಳದ ಮಕ್ಕಳು ಇವೆಲ್ಲ. ಬಂದ ಸೊಸ್ತ್ಯಾರದೂ ಗೊತ್ತಿಲ್ಲ. ಮುಖಾ ಗೊತ್ತೈತಿ, ನಗು ಗೊತ್ತೈತಿ, ದನಿ ಗೊತ್ತಿಲ್ಲ. ಕೇಳೇ ಇಲ್ಲದ್ದು ಹಂಗ ಹೋಗತೈತೆಲ್ಲ.”

ಚಿಗವ್ವನ ಮಗಳು ಬಂದು ಆಕೆಯನ್ನು ಲೋಕಾಪುರಕ್ಕೆ ಕರೆದುಕೊಂಡು ಹೋದಳು. ಮಗ್ಗ ಮಾರು, ಇಲ್ಲೇ ಇರು ಅಂದಳಂತೆ. ಅಳಿಯನೂ ಒಳ್ಳೆಯವನು. ಒಂದು ವಾರ ಕಳೆಯುವ ಮೊದಲೇ ಚಿಗವ್ವ ಚೀಲ ಹಿಡಿದು ಓಣಿಯಲ್ಲಿ ಇಳಿದಳು. “ಅಲ್ಲಿ ನಿದ್ದಿ ಹತ್ತಲಿಲ್ಲ ಯವ್ವಾ. ತೊಟ್ಟಲಕೂಸಿನಂಗ ಎದ್ದೆದ್ದ ಕುಂತೆ.” ಆಮೇಲೆ ನನ್ನ ಕೈ ಹಿಡಿದು ಅಂದಳು: “ಮಗ್ಗಾ ಬಿಡಾಂಗಿಲ್ಲ, ಅದು ನನ್ನ ಅನ್ನ. ಆದ್ರ ಉಳದ ಕಿವೀನ ಬರೇ ಮಗ್ಗಕ್ಕ ಕೊಡಾಂಗಿಲ್ಲ.”

ಮರುದಿನ ಮಧ್ಯಾಹ್ನ ಆಕೆಯ ಮನೆಯ ಮಗ್ಗಗಳು ಸುಮ್ಮನಾದವು. ಉಳಿದ ಮನೆಗಳಲ್ಲಿ ಓಡುತ್ತಲೇ ಇದ್ದವು. ನಾನು ಬಾಗಿಲಿಗೆ ಬಂದೆ. ಚಿಗವ್ವ ಓಣಿಯ ನಟ್ಟನಡುವೆ ನಿಂತಿದ್ದಳು, ತಲೆಯ ಮೇಲೆ ಮೊರ.

“ಕರೆಂಟ್ ಹೋತ್ರೆವ್ವೋ!”

ಒಬ್ಬೊಬ್ಬರೇ ಇಣುಕಿದರು. ತಮ್ಮ ಮನೆಯ ದೀಪ ನೋಡಿಕೊಂಡರು, ಉರಿಯುತ್ತಿತ್ತು. ಮೂಲೆಮನೆಯ ಕಾಕಾ ಗಿರಿಜಾ ಮೀಸೆಯವನು, ನಗುವುದೆಂದರೆ ಅವನಿಗೆ ಖರ್ಚು. ಹೊಸ್ತಿಲಲ್ಲಿ ನಿಂತು ಕೈ ಬೀಸಿದ. “ಎಲ್ಲಿ ಹೋಗೇತಿ ಬೇ? ಐತೆಲ್ಲ!”

“ನನ್ನ ಮನ್ಯಾಗ ಹೋಗೇತಿ. ನಿಮ್ಮನ್ಯಾಗ ಹೋಗಬೇಕಂದ್ರ ಗ್ವಾಡಿ ಮ್ಯಾಲೆ ಸ್ವಿಚ್ ಐತಿ, ಕೆಳಗ ಎಳಿ.”

“ಹುಚ್ಚ ಹಿಡದೈತಿ ನಿನಗ,” ಎಂದು ಅವನು ಒಳಗೆ ಹೋದ.

ನಾನು ನಮ್ಮ ಸ್ವಿಚ್ಚು ಇಳಿಸಿದೆ. ಜಮಖಂಡಿಯ ಮಾತು ಅಷ್ಟರಲ್ಲಿ ಓಣಿಯ ತುಟಿಗಳ ಮೇಲೆ ದಾಟಿಹೋಗಿತ್ತು. ಪಕ್ಕದ ಮನೆ ನಿಂತಿತು, ಅದರಾಚೆಯದು ನಿಂತಿತು. ಮಗ್ಗಗಳು ಒಂದೊಂದಾಗಿ ಆರುವುದನ್ನು ನಾನು ಎಂದೂ ಕೇಳಿರಲಿಲ್ಲ. ಕಡೆಗೆ ಕಾಕಾನದೊಂದೇ ಖಟಕ್ ಖಟಕ್ ಎನ್ನುತ್ತಿತ್ತು. ನಾವು ಕಾದೆವು. ಅದೂ ನಿಂತಿತು. ಕೂಸುಗಳು ಎದ್ದವು.

ಚಿಗವ್ವ ನನ್ನ ಮಗಳನ್ನು ಹತ್ತಿರ ಕೂರಿಸಿಕೊಂಡಳು. “ಏನರ ಅನ್ನ ತಂಗಿ. ಏನ ಅಂದ್ರೂ ನಡೀತೈತಿ.” ಕಾಲೇಜಿಗೆ ಹೋಗುವ ಹುಡುಗಿ, ನಾಚಿಕೊಂಡು, ಆ ದಿನ ಬಸ್ಸು ತಪ್ಪಿದ್ದು, ಯಾರದೋ ಟಂಟಂ ಹತ್ತಿದ್ದು, ಅದರ ಗಾಲಿ ಪಂಚರ್ ಆದದ್ದು ಹೇಳತೊಡಗಿದಳು. ಜನ್ಮವಿಡೀ ಮಂದಿಯ ತುಟಿ ನೋಡಿಯೇ ಬದುಕಿದ ಚಿಗವ್ವ ಆಗ ಕಣ್ಣು ಮುಚ್ಚಿಕೊಂಡಳು. ಕಿವಿಯನ್ನು ಹುಡುಗಿಯ ಬಾಯಿಗೆ ಹತ್ತಿರ ಒಯ್ದು, ಬಿಳಿ ಹುಬ್ಬು ಗಂಟಿಕ್ಕಿ ಕೇಳಿದಳು. ಪಂಚರಿನ ಕಥೆಯನ್ನು ಯಾರೂ ಅಷ್ಟು ಭಕ್ತಿಯಿಂದ ಕೇಳಿರಲಾರರು.

“ಜ್ವಾಳದ ಹೊಲದಾಗ ಗಾಳಿ ಬಂದಂಗೈತಿ,” ಅಂದಳು. ಕಣ್ಣು ತೆರೆದು ಕಾಕಾನ ಕಡೆ ತಿರುಗಿದಳು. “ಇನ್ನ ನಿಂದ ಕೇಳೂಣು. ಅನ್ನೋ ಅಣ್ಣಾ.”

“ನಾ ಏನ ಅನ್ನಲಿ?” ಅಂದ ಕಾಕಾ.

“ಅಯ್ಯ ಶಿವನ! ಅಷ್ಟ ದೊಡ್ಡ ಮೀಸಿಗೆ ಇಷ್ಟ ಸಣ್ಣ ದನಿ? ಆಡಿನ ಮರಿ ನುಂಗೀಯೇನ?”

ಓಣಿ ಉರುಳಾಡಿ ನಕ್ಕಿತು. ಕಾಕಾನ ಮೀಸೆಯೂ ಅಲ್ಲಾಡಿತು.

ಅಂದಿನಿಂದ ದಿನವೂ ಮಧ್ಯಾಹ್ನ ಒಂದು ಮೊರ ಚುರುಮುರಿ ತೀರುವಷ್ಟು ಹೊತ್ತು ನಮ್ಮ ಓಣಿಯಲ್ಲಿ ಕರೆಂಟ್ ಹೋಗುತ್ತಿತ್ತು. ಅಷ್ಟು ನೇಯ್ಗೆ ಹೋಗುತ್ತದೆ ಎಂದು ಗೊಣಗಿದವರೂ ಮೊರದ ಹತ್ತಿರ ಮೊದಲು ಕೂರುತ್ತಿದ್ದರು. ಎಲ್ಲರ ದನಿಯನ್ನೂ ಚಿಗವ್ವ ಕೇಳಿ ಮುಗಿಸಿದಳು, ಪ್ರತಿಯೊಂದಕ್ಕೂ ಒಂದು ಹೆಸರು ಇಟ್ಟಳು. ನನ್ನದು ಒಲೆಯ ಮೇಲೆ ಕುದಿಯುವ ಅಂಬಲಿಯಂತೆ.

ಒಂದು ದಿನ ಕಿವಿ ಪೂರಾ ಹೋಯಿತು. ಆಕೆಯೇ ಹೇಳಿದಳು, ಕಂಡಿಕೆಯ ನೂಲು ತೀರಿತು ಎನ್ನುವಷ್ಟೇ ಸರಳವಾಗಿ. ನಾವು ಕುಗ್ಗಿದೆವು, ಆಕೆ ಕುಗ್ಗಲಿಲ್ಲ. ಮೊರ ಬರುವುದು ನಿಲ್ಲಲಿಲ್ಲ. ಆ ವಾರವೇ ಓಣಿಯ ತುದಿಯ ಕಟ್ಟೆಯಲ್ಲಿ ಇಬ್ಬರು ಸೊಸೆಯಂದಿರು, ಹೇಗೂ ಮುದುಕಿಗೆ ಕೇಳಿಸುವುದಿಲ್ಲ ಎಂದು, ಪಿಸುದನಿಯಲ್ಲಿ ಏನೋ ಅಂದುಕೊಂಡರು. ನಮಗೇ ಕೇಳಿಸಲಿಲ್ಲ. ಚಿಗವ್ವ ಇಲ್ಲಿಂದಲೇ ಕೂಗಿದಳು:

“ಉಪ್ಪ ಕಡಿಮಿ ಆಗೇತೇನ್ ಲೇ? ನಾಳೆ ನಿಮ್ಮನ್ಯಾಗಿಂದ ತರ್ರಿ!”

ಹೋದ ವರ್ಷ ಬೇಸಿಗೆಯಲ್ಲಿ, ಮಗ್ಗದ ಪಕ್ಕ ಕೂತಲ್ಲೇ ಗೋಡೆಗೆ ಒರಗಿ ಹೋಗಿಬಿಟ್ಟಳು. ಹುಬ್ಬಿನ ನವಿರನ್ನು ಲೋಕಾಪುರದಿಂದ ಬಂದ ಮಗಳು ಒರೆಸಲು ಹೋದಳು, ಆಮೇಲೆ ಕೈ ಹಿಂದೆ ತೆಗೆದುಕೊಂಡಳು. ಹಾಗೆಯೇ ಇರಲಿ ಅಂದಳು.

ಓಣಿಯಲ್ಲಿ ಸಾವಾದರೆ ಆ ದಿನ ಮಗ್ಗ ಹಾಕುವುದಿಲ್ಲ. ಮಣ್ಣು ಕೊಟ್ಟು ಬಂದು, ಮಿಂದು, ಎಲ್ಲರೂ ಕಟ್ಟೆಗಳ ಮೇಲೆ ಕೂತೆವು. ಮಗ್ಗ ನಿಂತ ಓಣಿ, ಎದ್ದು ಅಳುವ ಕೂಸುಗಳು, ಇಳಿಮಧ್ಯಾಹ್ನ. ಆಕೆ ಬರುವ ಹೊತ್ತು. ಯಾರಿಗೂ ಯಾರ ಮುಖ ನೋಡುವ ಧೈರ್ಯವಿರಲಿಲ್ಲ. ಆಗ ಮೂಲೆಮನೆಯ ಕಾಕಾ, ಆಡಿನ ಮರಿಯ ಆ ದನಿಯಲ್ಲಿ, ನನ್ನ ಕಡೆ ತಿರುಗಿ ಅಂದ:

“ಕರೆಂಟ್ ಹೋಗೇತಿ. ಮೊರ ಎಲ್ಲೈತಿ?”

ನಾನು ಎದ್ದು ಎದುರು ಮನೆಯ ಗೂಟದಿಂದ ಮೊರ ಇಳಿಸಿದೆ. ಚುರುಮುರಿ ಕಲಸಿದೆ, ಉಪ್ಪು ನೋಡಿ ಹಾಕಿದೆ. ಕಟ್ಟೆಯ ಮೇಲೆ ತಂದಿಟ್ಟಾಗ ಒಬ್ಬೊಬ್ಬರೂ ಒಂದು ಮುಟಿಗೆ ತೆಗೆದುಕೊಂಡರು. ಮೊದಲ ಮುಟಿಗೆ ಮುಗಿಯುವ ತನಕ ಅಳುವ ಹಾಗಿಲ್ಲ, ಎಲ್ಲರಿಗೂ ನೆನಪಿತ್ತು. ಯಾರೂ ಅವಸರ ಮಾಡಲಿಲ್ಲ. ಒಂದೊಂದೇ ಕಾಳು ಬಾಯಿಗೆ ಇಟ್ಟುಕೊಂಡು, ಮುಟಿಗೆ ಮುಗಿಯದ ಹಾಗೆ ತಿಂದೆವು. ಆ ಮಗ್ಗದ ಓಣಿಯಲ್ಲಿ ಅಂದು ನಾವು ಅಗಿಯುವ ಸಪ್ಪಳ ನಮಗೇ ಕೇಳಿಸುತ್ತಿತ್ತು.