ಅತ್ತೆ ದೂರ ಕೂತ ಹಬ್ಬ

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಕಲಶಕ್ಕೆ ಸೀರೆ ಉಡಿಸುತ್ತಿದ್ದ ನನ್ನ ಅತ್ತೆ ಇದ್ದಕ್ಕಿದ್ದಂತೆ ಕೈ ಹಿಂದಕ್ಕೆ ತೆಗೆದುಕೊಂಡರು. ಎದ್ದರು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು. ಹೊರಗೆ ಬಂದವರು ದೇವರಮನೆಗೆ ಬರದೆ, ಹಿಂದಿನ ಸಣ್ಣ ರೂಮಿನ ಬಾಗಿಲಲ್ಲಿ ನಿಂತುಬಿಟ್ಟರು.

"ಪೂಜೆ ನೀನೇ ಮುಗಿಸ್ಬುಡು ಕಣೇ ಸುಮಾ. ನಾನು ಹೊರಗಾಗಿದೀನಿ."

ಅತ್ತೆಗೆ ಅರವತ್ತೊಂದು ವರ್ಷ.

ಸುಳ್ಳೇಕೆ ಹೇಳಲಿ, ನನಗೆ ಮೊದಲು ಬಂದದ್ದು ನಗು. ಸರಸ್ವತಿಪುರಂನ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಸಣ್ಣ ರೂಮು ನನ್ನದು. ತಿಂಗಳಿಗೆ ಮೂರು ದಿನ ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಟ್ಯುಟೋರಿಯಲ್‌ಗೆ ಹೋಗಿ ಊರ ಮಕ್ಕಳಿಗೆಲ್ಲ ಗಣಿತ ಹೇಳಿಕೊಟ್ಟು ಬರಬಹುದು, ಮನೆಗೆ ಬಂದು ಒಂದು ಲೋಟ ನೀರು ನಾನೇ ತೆಗೆದುಕೊಳ್ಳುವ ಹಾಗಿಲ್ಲ. ಅತ್ತೆ ಕೆಟ್ಟವರಲ್ಲ. ಬಿಸಿಬಿಸಿ ಊಟ ತಂದಿಟ್ಟು, ದೂರ ನಿಂತು "ಎಷ್ಟನೇ ದಿನವೇ?" ಎನ್ನುತ್ತಿದ್ದರು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ನಾನು ಒಳಗೆ ಬರುವವರೆಗೂ ಅದೇ ಪ್ರಶ್ನೆ. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ಅದೇ ಚಾಪೆಯ ಮೇಲೆ ಅವರು ಗೋಡೆಗೆ ಮುಖ ಮಾಡಿ ಕೂತಿದ್ದರು. ತಟ್ಟೆ ಇಡಲು ಹೋದಾಗ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ನಗು ಎಲ್ಲಿ ಹೋಯಿತೋ.

"ಅತ್ತೆ, ನಿಮಗೆ ನಿಂತು ಹತ್ತು ವರ್ಷದ ಮೇಲಾಯ್ತಲ್ಲ?"

"ಉಷ್ಣ ಕಣೇ. ಹಬ್ಬದ ಓಡಾಟ ಬೇರೆ. ನಾಲ್ಕನೇ ದಿನ ನೀರು ಹಾಕ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ. ಅವನ ಹತ್ರ ಹೇಳ್ಬೇಡ, ನನ್ನಾಣೆ."

ಅವನು ಎಂದರೆ ಅವರ ಮಗ, ನನ್ನ ಗಂಡ. ಕಡಕೊಳದ ಫ್ಯಾಕ್ಟರಿಯಲ್ಲಿ ಕೆಲಸ. ಸಾಯಂಕಾಲ ಅವರು ಬಂದ ಕೂಡಲೇ ಹೇಳಿದೆ. ಆಣೆಗೀಣೆ ಆಮೇಲೆ. ಅವರು ಬೂಟು ಬಿಚ್ಚುತ್ತಾ, "ಹಾರ್ಟ್ ಡಾಕ್ಟ್ರು ರಕ್ತ ತೆಳು ಮಾಡೋ ಮಾತ್ರೆ ಕೊಟ್ಟಿದಾರಲ್ಲ, ಅದಕ್ಕೇ ಇರ್ಬೇಕು" ಎಂದರು. ಫೋನಿನಲ್ಲಿ ಅತ್ತೆಯ ತಂಗಿ, "ಮೆಂತ್ಯ ನೆನೆಹಾಕಿ ಮಜ್ಜಿಗೇಲಿ ಕೊಡು" ಎಂದರು. ಎಲ್ಲರ ಹತ್ತಿರವೂ ಒಂದೊಂದು ಕಾರಣ ಸಿದ್ಧವಾಗಿತ್ತು. ಡಾಕ್ಟರ ಹತ್ತಿರ ಹೋಗಲು ಮಾತ್ರ ಯಾರೂ ಸಿದ್ಧರಿರಲಿಲ್ಲ. ಮೈಲಿಗೆಯಲ್ಲಿ ಹೊಸಿಲು ದಾಟುವುದಿಲ್ಲ ಎಂದು ಅತ್ತೆಯ ಹಟ. ಅಷ್ಟರಲ್ಲಿ ರಕ್ತ ನಿಂತಿತು. ಅತ್ತೆ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, "ನೋಡಿದ್ಯಾ?" ಎಂದು ಗೆದ್ದವರ ಹಾಗೆ ಅಡುಗೆಮನೆಗೆ ಹೋದರು.

ನಾನು ಬೀದಿಗೆ ಹೋಗಿ ಆಟೋ ಕರೆದುಕೊಂಡು ಬಂದೆ.

ಲೇಡಿ ಡಾಕ್ಟರ್ ಎಲ್ಲ ಕೇಳಿಕೊಂಡು, "ಇದೇ ಮೊದಲನೇ ಸಲಾನಾಮ್ಮ?" ಎಂದರು. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ಯುಗಾದಿಗೂ ಆಗಿತ್ತು. ಅದಾದ್ಮೇಲೆ ಒಂದೆರಡು ಸಲ. ಈ ವಯಸ್ಸಲ್ಲಿ ಸೊಸೆ ಹತ್ರ ಏನಂತ ಹೇಳ್ಕೊಳ್ಳಲಿ ಡಾಕ್ಟ್ರೇ?"



ಯುಗಾದಿಯ ದಿನ ಮಂಡಿ ನೋವೆಂದು ಸಣ್ಣ ರೂಮಿನಲ್ಲೇ ಮಲಗಿದ್ದರು. ಎಣ್ಣೆ ಹಚ್ಚಲು ಹೋದರೆ "ಮುಟ್ಟಬೇಡ!" ಎಂದು ಗದರಿದ್ದರು. ಎಷ್ಟು ಸೊಕ್ಕು ಎಂದುಕೊಂಡು ನಾನು ಎಣ್ಣೆಯ ಬಟ್ಟಲನ್ನು ಅಲ್ಲೇ ಕುಕ್ಕಿ ಬಂದಿದ್ದೆ. ಅದು ಸೊಕ್ಕಲ್ಲ. ಹಬ್ಬದ ಅಡುಗೆ ಮಾಡುತ್ತಿದ್ದ ನನಗೆ ಮೈಲಿಗೆ ತಾಗಬಾರದೆಂದು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಒಬ್ಬರೇ ಮಲಗಿದ್ದರು ಪಾಪ.

ಡಾಕ್ಟರ್ ನಿಧಾನವಾಗಿ ಹೇಳಿದರು. "ರಕ್ತ ಹೋಗೋಕೆ ಕಾರಣ ಒಂದೇ ಅಂತಿಲ್ಲ. ವಯಸ್ಸಿಗೆ ಗರ್ಭಕೋಶದ ಒಳಪದರ ತೆಳುವಾಗಿ ಒಣಗಿರಬಹುದು, ಪಾಲಿಪ್ ಅಂತ ಸಣ್ಣ ಗಂಟು ಇರಬಹುದು, ನೀವು ತಗೊಳ್ತಿರೋ ಮಾತ್ರೆಯಿಂದ ಜಾಸ್ತಿ ಆಗಿರಬಹುದು. ತುಂಬಾ ಜನಕ್ಕೆ ಸಣ್ಣ ಕಾರಣವೇ ಇರುತ್ತೆ. ಆದ್ರೆ ಕ್ಯಾನ್ಸರ್ ಅಲ್ಲ ಅಂತ ನೋಡದೆ ಹೇಳೋ ಹಾಗಿಲ್ಲ. ಮುಟ್ಟು ನಿಂತು ಒಂದು ವರ್ಷ ಆದ್ಮೇಲೆ ಒಂದು ತೊಟ್ಟು ಕಂಡ್ರೂ ಅದು ಮುಟ್ಟಲ್ಲ ಕಣಮ್ಮ."

"ಹಂಗಾದ್ರೆ ನಾನು ದೂರ ಕೂರಬೇಕಾಗೇ ಇರಲಿಲ್ವಾ?"

"ಇಲ್ಲಿಗೆ ಬಂದು ಕೂರಬೇಕಿತ್ತು."

ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿದೆ ಎಂದರು. ಬಯಾಪ್ಸಿ ಆಯಿತು. ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ.

ಕ್ಯಾನ್ಸರ್.

ಆಪರೇಷನ್ ಮಾಡಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಹೊರಗೆ ಹರಡಿಲ್ಲ, ಆದರೆ ಗೋಡೆಯೊಳಗೆ ಆಳಕ್ಕೆ ಇಳಿದಿದೆ, ರೇಡಿಯೇಷನ್ ಬೇಕು ಎಂದರು. ಯುಗಾದಿಗೇ ಬಂದಿದ್ದರೆ ಇದೆಲ್ಲ ತಪ್ಪುತ್ತಿತ್ತೇ ಎಂದು ನನ್ನ ಗಂಡ ಕೇಳಿದರು. "ಹೇಳೋಕಾಗಲ್ಲ" ಎಂದರು ಡಾಕ್ಟರ್. ಆ ಉತ್ತರವನ್ನು ಹೊತ್ತುಕೊಂಡೇ ನಾವಿಬ್ಬರೂ ಈಗಲೂ ಓಡಾಡುತ್ತಿದ್ದೇವೆ. ಅದರ ಬದಲು ಡಾಕ್ಟರ್ ಬೈದಿದ್ದರೆ ವಾಸಿಯಿತ್ತು.

ದಿನಾ ಆಟೋದಲ್ಲಿ ರೇಡಿಯೇಷನ್‌ಗೆ ಹೋಗಿಬರುವುದೇ ನಮ್ಮ ದಿನಚರಿಯಾಯಿತು. ಟ್ಯುಟೋರಿಯಲ್‌ಗೆ ರಜೆ ಹಾಕಿದೆ. ಬನ್ನಿಮಂಟಪದ ಕಡೆ ರಸ್ತೆಗೆಲ್ಲ ದಸರೆಯ ದೀಪ ಕಟ್ಟುತ್ತಿದ್ದರು. ಅತ್ತೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಭೇದಿ, ಸುಸ್ತು. ತಿಂದದ್ದು ಮೈಗೆ ಹತ್ತದು. ಹಬ್ಬಕ್ಕೆ ಮಣಗಟ್ಟಲೆ ಅಡುಗೆ ಮಾಡುತ್ತಿದ್ದ ಜೀವ, ಗಂಜಿಯ ಲೋಟ ಎತ್ತಲಾರದೆ ಕೂತಿರುತ್ತಿತ್ತು. ಅದನ್ನು ನೋಡಲಾರದೆ ನಾನು ಬಚ್ಚಲಿನ ನಲ್ಲಿ ತಿರುಗಿಸಿ ಅತ್ತಿದ್ದೇನೆ.

ಅಂಥದ್ದೊಂದು ಬೆಳಿಗ್ಗೆ ನಾನು ಮುಟ್ಟಾದೆ. ಅಭ್ಯಾಸಬಲ ನೋಡಿ, ಅವರ ರೂಮಿನ ಬಾಗಿಲಲ್ಲೇ ನಿಂತುಬಿಟ್ಟೆ.

"ಯಾಕೇ, ಅಲ್ಲೇ ನಿಂತೆ? ಆಸ್ಪತ್ರೆಗೆ ಹೊತ್ತಾಯ್ತು."

"ಹೊರಗಾಗಿದೀನಿ ಅತ್ತೆ."

ಅವರು ದಿಂಬಿನಿಂದ ತಲೆ ಎತ್ತಿದರು. ಆಮೇಲೆ ಅದೇ ಪ್ರಶ್ನೆ.

"ಎಷ್ಟನೇ ದಿನವೇ?"

ಅಷ್ಟು ಕಷ್ಟದ ನಡುವೆಯೂ ನನಗೆ ಉರಿದುಹೋಯಿತು. "ಈಗ ತಾನೇ ಆಯ್ತು" ಎಂದೆ, ಗಂಟು ಮುಖ ಹಾಕಿಕೊಂಡು.

"ಇಷ್ಟು ಬೇಗ ಹೆಂಗೆ ಬಂತೇ? ತಿಂಗಳಿಗೆ ಒಂದಿನ ಹೆಚ್ಚುಕಮ್ಮಿ ಆದೋಳಲ್ಲ ನೀನು. ಹೋದ್ಸಲ ವಾರ ಆದ್ರೂ ನಿಲ್ಲಲಿಲ್ಲ. ಬಟ್ಟೆ ಒಗೆಯೋದು ನೋಡ್ತಿದ್ದೆ, ನನಗೇನು ಗೊತ್ತಾಗಲ್ವಾ? ನಡಿ, ಇವತ್ತೇ ಆ ಡಾಕ್ಟ್ರಿಗೆ ನಿನ್ನೂ ತೋರಿಸ್ಬುಡೋಣ."

ನಾನು ಲೆಕ್ಕ ಇಟ್ಟಿರಲಿಲ್ಲ. ಗಣಿತ ಹೇಳಿಕೊಡುವವಳು ನಾನು. ನನ್ನ ತಿಂಗಳುಗಳ ಲೆಕ್ಕ ಇಷ್ಟು ವರ್ಷವೂ ಇದ್ದದ್ದು ಅವರೊಬ್ಬರ ತಲೆಯಲ್ಲಿ.

ಅವರು ಹಾಸಿಗೆಯಿಂದ ಕೈ ಚಾಚಿದರು. "ದೇವರಮನೆಗೆ ಹೋಗ್ಬೇಡ. ನನ್ನ ಹತ್ರ ಬಾ."

ಹೋದೆ. ಕಂಕುಳಿಗೆ ಕೈ ಹಾಕಿ ಎಬ್ಬಿಸಿದೆ. ಮಗುವಿನಷ್ಟು ಹಗುರವಾಗಿದ್ದರು.

ನನ್ನದು ಗರ್ಭಕೋಶದಲ್ಲಿ ಸಣ್ಣ ಫೈಬ್ರಾಯ್ಡ್ ಗಡ್ಡೆ, ಜೊತೆಗೆ ಥೈರಾಯ್ಡ್. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅತ್ತೆಯ ರೇಡಿಯೇಷನ್ ಮುಗಿದಿದೆ. ಮುಂದಿನ ಚೆಕಪ್‌ನಲ್ಲಿ ಏನು ಹೇಳುತ್ತಾರೋ ಗೊತ್ತಿಲ್ಲ. ವಾಸಿಯಾಯಿತು ಎಂಬ ಮಾತನ್ನು ಯಾರೂ ಇನ್ನೂ ನಮಗೆ ಕೊಟ್ಟಿಲ್ಲ, ನಾವೂ ಕೇಳಿಲ್ಲ. ತಿಂಗಳಿಗೊಮ್ಮೆ ಅವರ ರೂಮಿನಿಂದ ಸಣ್ಣ ದನಿ ಬರುತ್ತದೆ, "ಎಷ್ಟನೇ ದಿನವೇ?" ನಾನು ಕೆಲಸ ಬಿಟ್ಟು, ಹತ್ತಿರ ಹೋಗಿ, ಸರಿಯಾಗಿ ಲೆಕ್ಕ ಹಾಕಿ ಹೇಳುತ್ತೇನೆ. ಇನ್ನೂ ಬಹಳ ತಿಂಗಳು ಕೇಳಲಿ.