'ಸೆಂಡ್' ಪದಕ್ಕೆ ಐದು ವಾಕ್ಯ

ಇವತ್ತು ವಿಜಯನಗರದ ದರ್ಶಿನಿಯಲ್ಲಿ ಮಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಗಂಡ ಹೆಂಡತಿ ಗುಟ್ಟಿನ ವಿಷಯ ಬಂದ ಕೂಡಲೇ ದನಿ ತಗ್ಗಿಸಿ ಕನ್ನಡಕ್ಕೆ ಹೊರಳಿದರು. ನಮ್ಮ ಮನೆಯಲ್ಲಿ ಇದು ಉಲ್ಟಾ ಇತ್ತು. ಮಕ್ಕಳಿಗೆ ತಿಳಿಯಬಾರದ್ದನ್ನೆಲ್ಲ ಅಪ್ಪ ಅಮ್ಮ ಇಂಗ್ಲಿಷಿನಲ್ಲಿ ಆಡುತ್ತಿದ್ದರು.

ಒಂದು ವಾರವೆಲ್ಲ ಅವರ ಮಾತಿನಲ್ಲಿ 'ಸೆಂಡ್' ಎಂಬ ಪದ ಮತ್ತೆ ಮತ್ತೆ ಕೇಳಿಸಿತು. ಅದನ್ನು ಹೇಳುವಾಗಲೆಲ್ಲ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನು ಪಕ್ಕದ ಮನೆಯ ಟ್ಯೂಷನ್ ಆಂಟಿಯನ್ನು ಕೇಳಿದೆ.

"ಕಳಿಸೋದು ಅಂತ ಕಣೇ. ಐದು ವಾಕ್ಯ ಬರ್ಕೊಂಡು ಬಾ," ಅಂದರು.

ಕಾಗದ ಕಳಿಸುತ್ತೇನೆ, ಹೂವು ಕಳಿಸುತ್ತೇನೆ ಎಂದೆಲ್ಲ ಇಂಗ್ಲಿಷಿನಲ್ಲಿ ನೋಟ್‌ಬುಕ್ಕಿಗೆ ಬರೆದು ಅಪ್ಪನಿಗೆ ತೋರಿಸಿದೆ. ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿ, "ಜಾಣೆ ಕಣೇ ನೀನು," ಎಂದು ಐದಕ್ಕೂ ಕೆಂಪು ಇಂಕಿನಲ್ಲಿ ರೈಟ್ ಹಾಕಿದರು.

ಆ ಭಾನುವಾರ ಊಟಕ್ಕೆಂದು ಕೆಂಗೇರಿಯ ದೊಡ್ಡಮ್ಮನ ಮನೆಗೆ ಹೋದೆವು. ಅವರಿಗೆ ಮಕ್ಕಳಿರಲಿಲ್ಲ. ನಾನು ಹಿತ್ತಲಲ್ಲಿ ಆಡಿ ಬರುವಷ್ಟರಲ್ಲಿ ಅಪ್ಪ ಅಮ್ಮ ಬಸ್ಸು ಹತ್ತಿಯಾಗಿತ್ತು. ಬಾಗಿಲ ಹಿಂದೆ ನನ್ನ ಬಟ್ಟೆಯ ಚೀಲವಿತ್ತು, ಅದರಲ್ಲಿ ಆ ನೋಟ್‌ಬುಕ್ಕೂ ಇತ್ತು.

"ಇನ್ಮೇಲೆ ಇಲ್ಲೇ ಇರು ಪುಟ್ಟಿ," ಅಂದರು ದೊಡ್ಡಮ್ಮ.

ದರ್ಶಿನಿಯ ಮಗು ಇಡ್ಲಿ ಬಿಟ್ಟು ಅಪ್ಪನ ಬಾಯನ್ನೇ ನೋಡುತ್ತಿತ್ತು. ತಡೆಯಲಾಗದೆ, "ಅವಳಿಗೇ ಹೇಳ್ಬಿಡಿ ಸಾರ್," ಎಂದೆ.

"ಬರ್ತ್‌ಡೇ ಸರ್‌ಪ್ರೈಸ್ ಆಂಟಿ, ಅಷ್ಟೇ," ಎಂದು ಆತ ನಕ್ಕ.

ನಾನು ನಂಬಲಿಲ್ಲ.